ಗೀಸರ್ ಕೂರಿಸಿದವರು ಯಾರು?

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಕೊರಳಿಗೆ ಬಳ್ಳಿ ಸುತ್ತುವ ಮನೆಗಳು ಹೊಸಪೇಟೆ, ಕಂಪ್ಲಿ ಸೀಮೆಯಲ್ಲಿ ಇನ್ನೂ ಇವೆ. ಪೂಜೆಯೇನೋ ಹಂಡೆಗೇ. ಮರುದಿನ ನಸುಕಿನ ಎಣ್ಣೆ ಜಳಕಕ್ಕೆ ನೀರು ಕೊಡುವುದು ಮಾತ್ರ ಗೋಡೆಗೆ ನೇತುಬಿದ್ದ ಗೀಸರ್. ಮನೆಮಂದಿ, ಹಬ್ಬಕ್ಕೆ ಬಂದ ಮಗಳು ಅಳಿಯ, ಮೊಮ್ಮಕ್ಕಳು ಒಬ್ಬರ ಹಿಂದೊಬ್ಬರು ಬಚ್ಚಲಿಗೆ ಹೋಗುತ್ತಾರೆ. ಚಳಿ ಎಂದು ಕಿಟಕಿ ಮುಚ್ಚಿರುತ್ತದೆ, ಬಾಗಿಲಂತೂ ಮುಚ್ಚಿದ್ದೇ. ಬಿಸಿಲ ಊರುಗಳಾದ ಇಲ್ಲಿ ಗೀಸರ್‌ಗೆ ವರ್ಷದಲ್ಲಿ ಕೆಲವೇ ತಿಂಗಳು ಕೆಲಸ. ಉಳಿದಷ್ಟೂ ಕಾಲ ಅದರ ಒಳಗೆ ಉಪ್ಪು ಕಟ್ಟಿದೆಯೇ, ಇಲಿ ವೈರ್ ಕಡಿದಿದೆಯೇ, ವಾಲ್ವ್ ತುಕ್ಕು ಹಿಡಿದಿದೆಯೇ ಎಂದು ಯಾರೂ ನೋಡಿರುವುದಿಲ್ಲ. ಸ್ವಿಚ್ ಒತ್ತುವುದು ನೇರ ಹಬ್ಬದ ದಿನವೇ.

ಬಚ್ಚಲಿನ ಸಾವುಗಳು ಕರ್ನಾಟಕಕ್ಕೆ ಹೊಸವಲ್ಲ. 2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿ ಮದುವೆಯಾಗಬೇಕಿದ್ದ ಯುವಕ ಯುವತಿ ಬಾಡಿಗೆ ಮನೆಯ ಬಚ್ಚಲಲ್ಲೇ ಸತ್ತುಬಿದ್ದಿದ್ದರು. ಗ್ಯಾಸ್ ಗೀಸರ್ ಹೊರಬಿಟ್ಟ ಕಾರ್ಬನ್ ಮೊನಾಕ್ಸೈಡ್ ಕಾರಣ ಎಂದು ಪೊಲೀಸರು ಶಂಕಿಸಿದರು. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಅಕ್ಕತಂಗಿಯರಿಬ್ಬರು ಹೀಗೆಯೇ ಹೋದರು. ಹೊಸಪೇಟೆಗೆ ಹತ್ತಿರದ ಮರಿಯಮ್ಮನಹಳ್ಳಿಯಲ್ಲಿ 2022ರ ಏಪ್ರಿಲ್‌ನಲ್ಲಿ ಒಂದೇ ಮನೆಯ ನಾಲ್ವರು ಸತ್ತದ್ದು ಎಸಿಯ ಶಾರ್ಟ್ ಸರ್ಕ್ಯೂಟ್‌ನಿಂದ ಹೊತ್ತಿದ ಬೆಂಕಿಗೆ ಎಂದು ಆಗ ವರದಿಯಾಗಿತ್ತು. ಅಲ್ಲಿದ್ದದ್ದು ಗೀಸರ್ ಅಲ್ಲ, ನಿಜ. ಆದರೂ ಮನೆಯೊಳಗಿನ ದೊಡ್ಡ ಯಂತ್ರವೊಂದು ರಾತ್ರೋರಾತ್ರಿ ಒಂದು ಸಂಸಾರವನ್ನೇ ಮುಗಿಸಬಲ್ಲದು ಎಂಬುದನ್ನು ಈ ಸೀಮೆ ತೀರ ಹತ್ತಿರದಿಂದ ಕಂಡಿದೆ.

ಇಂಥ ಸುದ್ದಿ ಬಂದಾಗಲೆಲ್ಲ ಜನ ಮೊದಲು ಕೇಳುವುದು ಯಾವ ಕಂಪನಿಯ ಗೀಸರ್ ಎಂದು. ಅದನ್ನು ಕೂರಿಸಿದವರು ಯಾರು ಎಂದು ಕೇಳುವವರು ಕಡಿಮೆ. ಉತ್ತರ ಹುಡುಕಬೇಕಾದದ್ದು ಬಹುಪಾಲು ಅಲ್ಲಿಯೇ.

ಐದಡಿ ಬಚ್ಚಲಿನ ಗಾಳಿಯ ಲೆಕ್ಕ

ಗ್ಯಾಸ್ ಗೀಸರ್ ಎಂದರೆ ಗೋಡೆಗೆ ಸಿಕ್ಕಿಸಿದ ಒಲೆ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಬೇಕಾದರೆ ಅದು ತಾಸಿಗೆ ಹೆಚ್ಚುಕಡಿಮೆ ಒಂದು ಕೆಜಿ ಗ್ಯಾಸ್ ಉರಿಸಬೇಕು. ಅಡುಗೆಮನೆಯ ಒಂದು ಬರ್ನರ್ ಇದರ ಹತ್ತಿರಕ್ಕೂ ಬರುವುದಿಲ್ಲ. ಹತ್ತು ನಿಮಿಷದ ಜಳಕಕ್ಕೆ ಸುಮಾರು 160 ಗ್ರಾಂ ಗ್ಯಾಸ್ ಖರ್ಚಾಗುತ್ತದೆ, ಅಷ್ಟು ಗ್ಯಾಸ್ ಸರಿಯಾಗಿ ಉರಿಯಲು 2,000 ಲೀಟರ್‌ಗೂ ಮಿಕ್ಕಿ ಗಾಳಿ ಬೇಕು. ಐದಡಿ ಉದ್ದ, ನಾಲ್ಕಡಿ ಅಗಲ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಇರುವುದೇ ಸುಮಾರು 4,500 ಲೀಟರ್ ಗಾಳಿ. ಹೊರಗಿನಿಂದ ಗಾಳಿ ಬಾರದಿದ್ದರೆ ಒಬ್ಬರ ಜಳಕ ಮುಗಿಯುವಷ್ಟರಲ್ಲಿ ಕೋಣೆಯ ಅರ್ಧ ಗಾಳಿ ಒಲೆಗೆ ಹೋಗಿರುತ್ತದೆ. ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಹಬ್ಬದ ದಿನ ಎರಡನೆಯವರು, ಮೂರನೆಯವರು ಒಳಗೆ ಹೋಗುವುದು ಈ ಉಳಿದ ಗಾಳಿಗೆ.

ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಅದಕ್ಕೆಂದೇ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ, ವಾಸನೆ, ರುಚಿ ಒಂದೂ ಇಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ಬಲವೇ ಇಲ್ಲದಂತಾಗುವುದು. ಚಿಲಕ ತೆಗೆಯಬೇಕು ಎಂದು ತೋಚುವ ಹೊತ್ತಿಗೆ ಕೈ ಏಳುವುದಿಲ್ಲ.

ಕೆಲವರಿಗೆ ಫಿಟ್ಸ್ ಬರುತ್ತದೆ. ಇಲ್ಲೊಂದು ಗೊಂದಲವಿದೆ, ಅದು ವಿಶೇಷವಾಗಿ ಕರ್ನಾಟಕದ್ದು. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ 'ಬಿಸಿನೀರು ಅಪಸ್ಮಾರ' ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬಂದಿದೆ; ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅದರ ಮೇಲೆ ದಶಕಗಳಿಂದ ಅಧ್ಯಯನ ನಡೆಸಿದ್ದಾರೆ. ಹಾಗಾಗಿ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದರು ಎಂದ ಕೂಡಲೇ ಮನೆಯವರಿಗೂ, ಕೆಲವೊಮ್ಮೆ ವೈದ್ಯರಿಗೂ ಅದೇ ನೆನಪಾಗಬಹುದು. ಭಾರತದ ನರರೋಗ ತಜ್ಞರು 'ಗ್ಯಾಸ್ ಗೀಸರ್ ಸಿಂಡ್ರೋಮ್' ಎಂದು ಬೇರೆಯೇ ಹೆಸರಿಟ್ಟು ಬರೆದದ್ದು ಈ ಕಾರಣಕ್ಕೂ ಹೌದು. ಆಸ್ಪತ್ರೆಗೆ ಒಯ್ದವರು 'ನಮ್ಮ ಮನೆಯಲ್ಲಿ ಗ್ಯಾಸ್ ಗೀಸರ್ ಇದೆ' ಎಂಬ ಒಂದು ಮಾತು ಹೇಳಿದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್‌ಗೆ ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷಾನಿಲ ಹೊತ್ತ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. 98 ಎಂದು ತೋರಿಸುತ್ತಿದ್ದರೂ ರೋಗಿ ಉಸಿರುಗಟ್ಟುತ್ತಿರಬಹುದು. ಮೊದಲು ಬಾಗಿಲು ಕಿಟಕಿ ತೆರೆದು, ಗ್ಯಾಸ್ ಬಂದ್ ಮಾಡಿ, ಬಿದ್ದವರನ್ನು ಬಯಲಿಗೆ ತಂದು, 108ಕ್ಕೆ ಕರೆ ಮಾಡಿ ಆಕ್ಸಿಜನ್ ಬೇಕಾಗಿದೆ ಎಂದು ಹೇಳಬೇಕು. ಹೊಸಪೇಟೆಯಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಂದು ತಾಸಿಗೂ ಹೆಚ್ಚಿನ ಹಾದಿ. ಅಲ್ಲಿಯವರೆಗೂ ಕಾಯದೆ ಹತ್ತಿರದ ಆಸ್ಪತ್ರೆಯಲ್ಲೇ ಆಕ್ಸಿಜನ್ ಶುರುವಾಗಬೇಕು.

ಪರಿಹಾರ ಸರಳ: ಗ್ಯಾಸ್ ಗೀಸರ್ ಬಚ್ಚಲ ಒಳಗೆ ಇರಲೇಬಾರದು. ಹಿತ್ತಲ ಗೋಡೆಯ ಹೊರಮೈಗೋ ತೆರೆದ ಬಾಲ್ಕನಿಗೋ ಅದನ್ನು ಕೂರಿಸಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರಬೇಕು. ಪೈಪ್ ಹಾಯುವ ತೂತನ್ನು ಸಿಮೆಂಟಿನಿಂದ ಮುಚ್ಚಬೇಕು. ಈ ಕೊನೆಯ ಮಾತು ಕ್ಷುಲ್ಲಕ ಅನ್ನಿಸಬಹುದು, ಆದರೆ ಅಲ್ಲ. 2006ರ ಅಕ್ಟೋಬರ್‌ನಲ್ಲಿ ಗ್ರೀಸ್ ದೇಶದ ಕೋರ್ಫು ದ್ವೀಪದ ಹೋಟೆಲಿನಲ್ಲಿ ಬ್ರಿಟನ್ನಿನ ಇಬ್ಬರು ಮಕ್ಕಳು ಸತ್ತಾಗ ಬಾಯ್ಲರ್ ಅವರ ಕೋಣೆಯಲ್ಲಿ ಇರಲಿಲ್ಲ. ಅದು ಕಾಟೇಜಿಗೆ ಅಂಟಿಕೊಂಡ ಚಿಕ್ಕ ಕೊಠಡಿಯಲ್ಲಿತ್ತು. ವಿಷಾನಿಲ ನುಸುಳಿ ಬಂದದ್ದು ಗೋಡೆಯ ತೂತುಗಳಿಂದ. ಹೋಟೆಲಿನ ವ್ಯವಸ್ಥಾಪಕ ಮತ್ತು ಇತರ ಕೆಲವರಿಗೆ ಗ್ರೀಸ್‌ನ ನ್ಯಾಯಾಲಯ 2010ರಲ್ಲಿ ಶಿಕ್ಷೆ ವಿಧಿಸಿತು. ಪ್ರವಾಸ ಏರ್ಪಡಿಸಿದ್ದ ಥಾಮಸ್ ಕುಕ್ ಕಂಪನಿಯೂ ತನ್ನ ಹೊಣೆಯಲ್ಲಿ ತಪ್ಪಿದೆ ಎಂದು 2015ರಲ್ಲಿ ಬ್ರಿಟನ್ನಿನ ವಿಚಾರಣೆಯ ತೀರ್ಪುಗಾರರು ಹೇಳಿದರು.

ಹಂಪಿಯ ರಾಣಿಯರ ಸ್ನಾನಗೃಹದ ನಡುಗೊಳ ಆಕಾಶಕ್ಕೆ ತೆರೆದುಕೊಂಡಿದೆ, ಸುತ್ತ ಗಾಳಿಯಾಡುವ ಪಡಸಾಲೆಯಿದೆ. ಅದರ ಪಕ್ಕದೂರುಗಳಲ್ಲೇ ಇಂದು ಕಟ್ಟುವ ಬಚ್ಚಲುಗಳಿಗೆ ಒಂದಡಿ ವೆಂಟಿಲೇಟರ್ ಬಿಟ್ಟು, ಸೊಳ್ಳೆ ಬರುತ್ತದೆಂದು ಅದಕ್ಕೂ ಗಾಜು ಕೂರಿಸುತ್ತಾರೆ.

ಮೂರನೆಯ ತಂತಿ

ಕರೆಂಟ್ ಗೀಸರ್‌ನ ಅಪಾಯದ ಬಗೆಯೇ ಬೇರೆ. ತೊಟ್ಟಿಯೊಳಗಿನ ಕಾಯಿಲ್‌ಗೆ ಲೋಹದ ಕವಚ ಇರುತ್ತದೆ. ಬೋರ್‌ವೆಲ್‌ನ ಸವುಳು ನೀರಿನಲ್ಲಿ ವರ್ಷಗಟ್ಟಲೆ ಬೆಂದು ಉಪ್ಪು ಕಟ್ಟಿದ ಮೇಲೆ ಕವಚ ಒಂದು ದಿನ ಸೀಳುತ್ತದೆ, ಕರೆಂಟ್ ನೀರಿಗೂ ತೊಟ್ಟಿಗೂ ಇಳಿಯುತ್ತದೆ. ಅರ್ಥಿಂಗ್ ಸರಿಯಿದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ನಲ್ಲಿ ಹಿಡಿದ ಒದ್ದೆ ಕೈಯೇ ದಾರಿ.

ಮೂರು ಪಿನ್ನಿನ ಸಾಕೆಟ್ ಇದೆಯಲ್ಲ ಎಂದು ನಂಬಿ ಕೂರುವಂತಿಲ್ಲ. ಅರ್ಥ್ ತಂತಿಯನ್ನೇ ಎಳೆಯದ ಮನೆಗಳಲ್ಲಿ ಸಾಕೆಟ್ಟಿನ ಹಿಂದೆ ನ್ಯೂಟ್ರಲ್ಲಿಂದ ಅರ್ಥ್ ತೂತಿಗೆ ಒಂದು ತುಂಡು ವೈರ್ ಸಿಕ್ಕಿಸಿ ಹೋಗುವ ಕೈಚಳಕ ಕೆಲವು ವೈರ್‌ಮನ್‌ಗಳಿಗೆ ರೂಢಿಯಾಗಿದೆ. ಬಲ್ಬ್ ಹಿಡಿದು ನೋಡಿದರೆ ಹೊತ್ತಿಕೊಳ್ಳುತ್ತದೆ, ಮಾಲೀಕರಿಗೆ ಸಮಾಧಾನ. ನ್ಯೂಟ್ರಲ್ ಎಲ್ಲಾದರೂ ಕಡಿದ ಕ್ಷಣ, ಅಥವಾ ಕಂಬದಲ್ಲಿ ರಿಪೇರಿ ಮಾಡುವಾಗ ಫೇಸ್ ನ್ಯೂಟ್ರಲ್ ಅದಲುಬದಲಾದ ಕ್ಷಣ, ಗೀಸರ್‌ನ ಇಡೀ ಮೈಗೆ 230 ವೋಲ್ಟ್ ಏರುತ್ತದೆ. ಅರ್ಥಿಂಗ್ ಇಲ್ಲದಿರುವುದಕ್ಕಿಂತ ಈ ಕಳ್ಳ ಅರ್ಥಿಂಗ್ ಕೆಟ್ಟದ್ದು. ಅರ್ಥ್ ತಂತಿಯನ್ನು ನೀರಿನ ಪೈಪಿಗೆ ಕಟ್ಟುವುದೂ ಅಷ್ಟೇ. ಈಗಿನ ಪೈಪುಗಳು ಪ್ಲಾಸ್ಟಿಕ್ಕಿನವು.

ನೆಲದ ಗುಣವೂ ಇಲ್ಲಿ ಮುಖ್ಯ. ಹೊಸಪೇಟೆ, ಕಮಲಾಪುರ, ಹಂಪಿಯ ಸುತ್ತ ಎರಡಡಿ ಅಗೆದರೆ ಕರಿಬಂಡೆ ಸಿಗುವ ಜಾಗಗಳಿವೆ. ಬಂಡೆಯಲ್ಲಿ ಕರೆಂಟ್ ಸುಲಭವಾಗಿ ಹರಿಯುವುದಿಲ್ಲ. ಉಪ್ಪು ಇದ್ದಿಲು ತುಂಬಿದ ಗುಂಡಿ ಬೇಸಿಗೆಯಲ್ಲಿ ಒಣಗಿತೆಂದರೆ ಅದೂ ನೆಪಮಾತ್ರ. ಕಂಪ್ಲಿಯ ಕಾಲುವೆ ನೀರುಂಡ ಎರೆಭೂಮಿಯಲ್ಲಿ ಒಂದು ಪೈಪ್ ಹೂತರೆ ಸಾಕಾದೀತು; ಬಂಡೆಯ ಊರಲ್ಲಿ ಎರಡು ಮೂರು ಗುಂಡಿ ತೋಡಿ ಒಂದಕ್ಕೊಂದು ಜೋಡಿಸಿ, ಅರ್ಥ್ ಟೆಸ್ಟರ್ ಹಿಡಿದು ಅಳೆಸಿಯೇ ನಂಬಬೇಕು. ಗುಂಡಿಗೆ ಆಗಾಗ ಎರಡು ಕೊಡ ನೀರು ಹೊಯ್ಯುವುದನ್ನು ತುಳಸಿಕಟ್ಟೆಗೆ ನೀರು ಹಾಕುವವರಿಗೇ ವಹಿಸಿದರೆ ಮರೆಯುವುದಿಲ್ಲ.

ಅರ್ಥಿಂಗ್ ಜೊತೆಗೆ, ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಕೇ ಬೇಕು. 'ಎಂಸಿಬಿ ಇದೆ' ಎಂಬ ಉತ್ತರ ಸಾಲದು. 2 ಕಿಲೋವಾಟ್ ಗೀಸರ್ ಎಳೆಯುವುದೇ ಸುಮಾರು 8.7 ಆಂಪಿಯರ್, ಅದಕ್ಕೆ ಹಾಕುವ ಎಂಸಿಬಿ 16 ಇಲ್ಲವೇ 20 ಆಂಪಿಯರ್‌ನದು. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರ್‌ನ ಹತ್ತನೇ ಒಂದು ಪಾಲು ಸಾಕು. ಅಷ್ಟಕ್ಕೆ ಎಂಸಿಬಿ ಅಲುಗುವುದೂ ಇಲ್ಲ. ಅದು ಕಾಯುವುದು ವೈರನ್ನು. ಆರ್‌ಸಿಸಿಬಿಯ ಮೇಲೆ ಟೆಸ್ಟ್ ಎಂಬ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿದಾಗ ಮನೆಯ ಕರೆಂಟ್ ಹೋಗಬೇಕು. ಹೋಗದಿದ್ದರೆ ಅದು ಕೆಟ್ಟಿದೆ.

ಇನ್ನು ವೈರಿಂಗ್. ಗೀಸರ್‌ಗೆ 16 ಆಂಪಿಯರ್‌ನ ದೊಡ್ಡ ಸಾಕೆಟ್, ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಕರೆಂಟ್ ಹಂಚುವ ಪೆಟ್ಟಿಗೆಯಿಂದ (ಡಿಬಿ) ನೇರ ಬಂದ ಪ್ರತ್ಯೇಕ ಲೈನ್ ಬೇಕು. 3 ಕಿಲೋವಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ, ಅದಕ್ಕೆ 4 ಚದರ ಮಿಲಿಮೀಟರ್ ವೈರ್ ಮೇಲು. ಹಳೆಯ ಮನೆಗಳಲ್ಲಿ ಬಲ್ಬಿಗೆಂದು ಎಳೆದ ಸಣ್ಣ ವೈರಿಗೇ ಸಾಕೆಟ್ ಸೇರಿಸಿ ಗೀಸರ್ ಓಡಿಸುವುದನ್ನು ನೋಡಿದರೆ ಇಷ್ಟು ದಿನ ಹೊತ್ತದೆ ಇದ್ದದ್ದೇ ಅಚ್ಚರಿ. ಮನೆಯ ಮಂಜೂರಾದ ಲೋಡ್ 1 ಕಿಲೋವಾಟ್ ಇರುವಾಗ 2 ಕಿಲೋವಾಟ್ ಗೀಸರ್ ಹಾಕುವವರು ಮೊದಲು ಇಲ್ಲಿನ ವಿದ್ಯುತ್ ಸಂಸ್ಥೆಯಾದ ಜೆಸ್ಕಾಂ ಕಚೇರಿಯಲ್ಲಿ ಲೋಡ್ ಹೆಚ್ಚಿಸಿಕೊಳ್ಳಬೇಕು.

ತೊಟ್ಟಿಕ್ಕುವ ವಾಲ್ವ್‌ಗೆ ಎಂ-ಸೀಲ್

ಗೀಸರ್ ಸಿಡಿಯುವುದು ಅಪರೂಪ, ಸಿಡಿದರೆ ಮಾತ್ರ ಗೋಡೆ ಉಳಿಯುವುದಿಲ್ಲ. 25 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯುವಾಗ ಸುಮಾರು ಒಂದು ದೊಡ್ಡ ಲೋಟದಷ್ಟು ಹಿಗ್ಗುತ್ತದೆ. ಆ ಹೆಚ್ಚಳ ಹೊರಹೋಗಲೆಂದೇ ತಣ್ಣೀರಿನ ಬಾಯಿಗೆ ಕಂಪನಿಯವರು ಮಲ್ಟಿಫಂಕ್ಷನ್ ವಾಲ್ವ್ ಕೊಡುತ್ತಾರೆ. ಅದು ಹನಿ ಹನಿ ತೊಟ್ಟಿಕ್ಕುವುದು ಸಹಜ. 'ಲೀಕಾಗ್ತದೆ' ಎಂದು ಮನೆಯವರು ದೂರುತ್ತಾರೆ, ಪ್ಲಂಬರ್ ಬಂದು ಅದಕ್ಕೆ ಎಂ-ಸೀಲ್ ಮೆತ್ತುತ್ತಾನೆ, ಇಲ್ಲವೇ ವಾಲ್ವನ್ನೇ ಕಳಚಿ ಸಾದಾ ನಿಪ್ಪಲ್ ಹಾಕುತ್ತಾನೆ. ಸವುಳು ನೀರಿನ ಊರಲ್ಲಿ ಯಾರೂ ಮುಟ್ಟದಿದ್ದರೂ ಉಪ್ಪೇ ಅದರ ಬಾಯಿ ಮುಚ್ಚಿಬಿಡುತ್ತದೆ. ಆಮೇಲೆ ಥರ್ಮೋಸ್ಟಾಟ್ ಅಂಟಿಕೊಂಡು, ಥರ್ಮಲ್ ಕಟೌಟ್ ಕೂಡ ಕೈಕೊಟ್ಟರೆ ನೀರು ನೂರು ಡಿಗ್ರಿ ದಾಟಿಯೂ ಒತ್ತಡದಲ್ಲಿ ನೀರಾಗಿಯೇ ಇರುತ್ತದೆ. ತೊಟ್ಟಿ ಬಿರಿದ ಗಳಿಗೆಯಲ್ಲಿ ಅದರಲ್ಲೊಂದು ಪಾಲು ಆವಿಯಾಗುತ್ತದೆ, ಆವಿಯಾದಷ್ಟು ನೀರು ಸುಮಾರು 1,600 ಪಟ್ಟು ಜಾಗ ಕೇಳುತ್ತದೆ.

ಬಿಸಿನೀರಿಗೆ ಸಾದಾ ಪಿವಿಸಿ ಪೈಪ್ ಬಳಸಬಾರದು, ಸಿಪಿವಿಸಿ ಬೇಕು. ನೀರು ತುಂಬಿದ 25 ಲೀಟರ್ ಗೀಸರ್ ಸುಮಾರು ಮೂವತ್ತೈದು ಕೆಜಿ ತೂಗುತ್ತದೆ; ಕಂಪ್ಲಿಯ ಹಳೆಯ ಮಾಳಿಗೆ ಮನೆಗಳ ಕಲ್ಲುಮಣ್ಣಿನ ಗೋಡೆಗೆ ಹೊಡೆದ ಬೋಲ್ಟ್ ಅಷ್ಟನ್ನು ವರ್ಷಗಟ್ಟಲೆ ಹೊರುವುದಿಲ್ಲ. ಥರ್ಮೋಸ್ಟಾಟನ್ನು 50-55ರ ಆಸುಪಾಸು ಇಟ್ಟರೆ ಸಾಕು. 60 ಡಿಗ್ರಿಯ ನೀರು ಐದೇ ಸೆಕೆಂಡಿನಲ್ಲಿ ಚರ್ಮ ಸುಡಬಲ್ಲದು, ಮಕ್ಕಳಿಗೆ ಅಷ್ಟೂ ಬೇಡ.

ಸೋಲಾರ್ ಇರುವವರು ತಾರಸಿಯ ಗಾಳಿಕೊಳವೆ ಕಟ್ಟಿಕೊಂಡಿಲ್ಲವೇ, ಮೋಡದ ದಿನಕ್ಕೆಂದು ತೊಟ್ಟಿಯೊಳಗೆ ಹಾಕಿಸಿದ ಕಾಯಿಲ್‌ಗೆ ಅರ್ಥಿಂಗ್ ಇದೆಯೇ ನೋಡಿಕೊಂಡರೆ ಸಾಕು. ಬಕೆಟ್ಟಿಗೆ ಇಳಿಬಿಡುವ ರಾಡಿನ ವಿಷಯದಲ್ಲಿ ಹೇಳುವುದು ಒಂದೇ: ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ನೀರಿಗೆ ಬೆರಳು. ಕಬ್ಬಿಣದ ಬಕೆಟ್ ಬೇಡವೇ ಬೇಡ.

ಹೊಣೆ ಯಾರದು?

ಹೊಸಪೇಟೆಯ ಅಂಗಡಿಯಲ್ಲಿ ಗೀಸರ್ ಕೊಳ್ಳುವವರಿಗೆ ಕೇಳಿಬರುವ ಮಾತು ಹೀಗಿರುತ್ತದೆ: 'ಕಂಪ್ನಿಯೋರು ಬರೋದಕ್ಕೆ ಎರಡು ದಿನ ಆಗ್ತದೆ ಅಣ್ಣ, ನಮ್ ಹುಡುಗನ್ನ ಕಳಿಸ್ತೀನಿ ಬಿಡ್ರಿ.' ಕಂಪ್ಲಿ, ಸಂಡೂರಿನ ಕಡೆಯವರಾದರೆ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿಕೊಂಡು ಹೋಗಿ ಓಣಿಯ ಪ್ಲಂಬರ್‌ನನ್ನು ಕರೆಯುತ್ತಾರೆ. ಪ್ಲಂಬರ್ ಪೈಪ್ ಜೋಡಿಸಿ, ಹಾಗೆಯೇ ಕರೆಂಟಿನ ಕೆಲಸವನ್ನೂ ಮುಗಿಸಿ, ಐನೂರು ರೂಪಾಯಿ ಇಸಿದುಕೊಂಡು ಹೋಗುತ್ತಾನೆ. ಎಲ್ಲಿಯೂ ಒಂದು ಚೀಟಿ ಇಲ್ಲ. ನಾಳೆ ಏನಾದರೂ ಆದರೆ ಕಂಪನಿ 'ನಮ್ಮವರು ಕೂರಿಸಿಲ್ಲ' ಎನ್ನುತ್ತದೆ, ಅಂಗಡಿ 'ನಾವು ಮಾರಿದ್ದಷ್ಟೇ' ಎನ್ನುತ್ತದೆ, ಪ್ಲಂಬರ್ 'ನಾನು ಆ ಮನೆಗೇ ಹೋಗಿಲ್ಲ' ಎಂದರೂ ಸುಳ್ಳೆನ್ನಲು ಸಾಕ್ಷಿ ಇಲ್ಲ.

ಕಾನೂನಿನಲ್ಲಿ ಇವರೆಲ್ಲರಿಗೂ ಜಾಗವಿದೆ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 'ಉತ್ಪನ್ನ ಹೊಣೆಗಾರಿಕೆ' ಎಂಬ ಅಧ್ಯಾಯವನ್ನೇ ತಂದಿತು. ತಯಾರಿಕೆಯ, ವಿನ್ಯಾಸದ ದೋಷಕ್ಕೂ, ಸರಿಯಾದ ಸೂಚನೆ ಎಚ್ಚರಿಕೆ ಕೊಡದಿರುವುದಕ್ಕೂ 84ನೇ ಸೆಕ್ಷನ್ ಪ್ರಕಾರ ಕಂಪನಿ ಹೊಣೆ. ಸೇವೆ ಒದಗಿಸಿದವರ ತಪ್ಪಿಗೆ 85ನೇ ಸೆಕ್ಷನ್ ಇದೆ. ಅಂಗಡಿಯವರನ್ನು ಹಿಡಿಯುವುದು 86: ವಸ್ತುವಿನ ಜೋಡಣೆ, ತಪಾಸಣೆಯಲ್ಲಿ ಅವರು ತಕ್ಕ ಎಚ್ಚರ ವಹಿಸದಿದ್ದರೆ, ಅದನ್ನು ಬದಲಿಸಿದ್ದರೆ, ಕಂಪನಿಯ ಎಚ್ಚರಿಕೆಯನ್ನು ಗ್ರಾಹಕರಿಗೆ ತಲುಪಿಸದಿದ್ದರೆ, ಅಥವಾ ತಯಾರಕರು ಯಾರೆಂದೇ ಗೊತ್ತಾಗದಿದ್ದರೆ ಮಾರಿದವರೂ ಹೊಣೆಗಾರರೇ. 'ನಮ್ ಹುಡುಗ' ಬಂದು ಕೂರಿಸಿದ ಮೇಲೆ 'ನಾವು ಮಾರಿದ್ದಷ್ಟೇ' ಎಂಬ ಮಾತು ನಿಲ್ಲುವುದು ಕಷ್ಟ. ಆದರೆ 87ನೇ ಸೆಕ್ಷನ್ ಇನ್ನೊಂದು ಬದಿಗಿದೆ. ಹಾನಿಯಾದ ಹೊತ್ತಿಗೆ ವಸ್ತುವನ್ನು ತಪ್ಪಾಗಿ ಬಳಸಲಾಗಿದ್ದರೆ, ಬದಲಿಸಲಾಗಿದ್ದರೆ, ಮಾರ್ಪಡಿಸಲಾಗಿದ್ದರೆ ಮಾರಿದವರ ಮೇಲೆ ಆ ದಾವೆ ನಡೆಯುವುದಿಲ್ಲ. ಎಂ-ಸೀಲ್ ಮೆತ್ತಿದ ವಾಲ್ವ್ ಎದುರು ಪಕ್ಷದ ವಕೀಲರಿಗೆ ಸಿಕ್ಕ ವರ.

ಗೀಸರ್ ಮೇಲೆ ಐಎಸ್‌ಐ ಗುರುತು ಇರಲೇಬೇಕು. ತೊಟ್ಟಿಯ ಗೀಸರ್‌ಗೆ ಐಎಸ್ 2082, ಇನ್‌ಸ್ಟಂಟ್‌ಗೆ ಐಎಸ್ 8978, ರಾಡಿಗೆ ಐಎಸ್ 368, ಗ್ಯಾಸ್ ಗೀಸರ್‌ಗೆ ಐಎಸ್ 15558 ಎಂಬ ಮಾನದಂಡಗಳಿವೆ. ಗುರುತಿನ ಜೊತೆಗಿರುವ ಲೈಸೆನ್ಸ್ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೇ ನಕಲಿಯೇ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಇನ್ನೊಂದು ನಿಯಮ ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಬಲ್ಬ್, ಫ್ಯಾನ್, ಫ್ಯೂಸ್ ಬದಲಿಸುವಂಥ ಸಣ್ಣ ಕೆಲಸ ಬಿಟ್ಟು ವೈರಿಂಗ್‌ನಲ್ಲಿ ಹೊಸದು ಸೇರಿಸುವ, ಬದಲಿಸುವ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು. ಇದ್ದ ಸರಿಯಾದ ಸಾಕೆಟ್ಟಿಗೆ ಹೊಸ ಗೀಸರ್‌ನ ಪ್ಲಗ್ ಹಾಕಲು ಲೈಸೆನ್ಸ್ ಬೇಡ. ಗೀಸರ್‌ಗೆಂದು ಹೊಸ ಲೈನ್ ಎಳೆಯಲು ಬೇಕು. ಕಂಬದ ತಂತಿ ಹರಿದು ಬಿದ್ದು ಸತ್ತರೆ ವಿದ್ಯುತ್ ಸಂಸ್ಥೆ ತಪ್ಪಿಸಿಕೊಳ್ಳಲಾರದು. ತನ್ನ ತಪ್ಪಿರಲಿ ಇಲ್ಲದಿರಲಿ ಅದಕ್ಕೆ ಕಟ್ಟುನಿಟ್ಟಿನ ಹೊಣೆಯಿದೆ ಎಂದು ಸುಪ್ರೀಂ ಕೋರ್ಟ್ 2002ರ ಮಧ್ಯಪ್ರದೇಶ ವಿದ್ಯುತ್ ಮಂಡಳಿ ಪ್ರಕರಣದಲ್ಲಿ ಹೇಳಿದೆ. ಮೀಟರ್ ದಾಟಿ ಒಳಬಂದ ಮೇಲಿನ ವೈರಿಂಗ್ ಮಾತ್ರ ಮನೆಯವರದು.

ಬಾಡಿಗೆ ಮನೆಯಾದರೆ? ಉಕ್ಕಿನ ಕಾರ್ಖಾನೆಗೆಂದು ಬಂದವರಿಂದ ತುಂಬಿದ ತೋರಣಗಲ್ಲು, ಗಣಿ ಕೆಲಸದವರು ಇರುವ ಸಂಡೂರಿನ ಓಣಿಗಳಲ್ಲಿ ಸಾಲು ಕೋಣೆ ಕಟ್ಟಿ ಗೀಸರ್ ಸಮೇತ ಬಾಡಿಗೆಗೆ ಕೊಡುವುದು ಒಳ್ಳೆಯ ವ್ಯವಹಾರ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್, ಬಾಡಿಗೆದಾರ ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ, ತನಗೆ ಮಾತ್ರ ಗೊತ್ತಿರುವ ದೋಷವನ್ನು ಮಾಲೀಕ ಮೊದಲೇ ಹೇಳಬೇಕು ಎನ್ನುತ್ತದೆ. ಅರ್ಥಿಂಗ್ ಇಲ್ಲ ಎಂಬುದು ಇಂಥ ದೋಷವಲ್ಲದೆ ಮತ್ತೇನು? ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟರೂ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಅದೇ ಸೆಕ್ಷನ್ ಅವಕಾಶ ಕೊಡುತ್ತದೆ. ನೋಟಿಸ್ ಎಂದರೆ ವಕೀಲರದೇ ಆಗಬೇಕಿಲ್ಲ. 'ಅಣ್ಣ, ನಲ್ಲಿ ಮುಟ್ಟಿದ್ರೆ ಜುಮ್ ಅಂತದೆ' ಎಂಬ ವಾಟ್ಸ್ಆ್ಯಪ್ ಸಂದೇಶ, ಫೋಟೋ ಸಮೇತ, ಮುಂದೆ ಮುಖ್ಯ ದಾಖಲೆಯಾಗಬಹುದು. ಅದನ್ನು ನೋಡಿ ಸುಮ್ಮನಿದ್ದ ಮಾಲೀಕರಿಗೆ 'ನನಗೆ ಗೊತ್ತಿರಲಿಲ್ಲ' ಎನ್ನಲು ದಾರಿಯಿಲ್ಲ.

ಹಂಪಿ, ಆನೆಗೊಂದಿ ಸುತ್ತಲಿನ ಹೋಂಸ್ಟೇಗಳ ಹೊಣೆ ಇನ್ನೂ ಭಾರದ್ದು. ಚಳಿಗಾಲವೇ ಅಲ್ಲಿ ಪ್ರವಾಸಿಗರ ಕಾಲ, ಬಿಸಿನೀರು ಕೊಡಲೇಬೇಕು. ಅತಿಥಿಗೆ ಆ ಬಚ್ಚಲಿನ ಕಿಟಕಿ, ವಾಲ್ವ್, ಸ್ವಿಚ್ ಯಾವುದರ ಪರಿಚಯವೂ ಇರುವುದಿಲ್ಲ. ಕೋವಳಂನ ಸರ್ಕಾರಿ ಹೋಟೆಲಿನ ಈಜುಕೊಳದಲ್ಲಿ ಅತಿಥಿಯೊಬ್ಬರು ಮುಳುಗಿ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮೇಲೆ ಹೇರಿದ್ದ 62.5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಅತಿಥಿಗೆ ಒದಗಿಸಿದ ಸೌಕರ್ಯ ಸುರಕ್ಷಿತವಾಗಿರಬೇಕಾದದ್ದು ಹೋಟೆಲಿನ ಕರ್ತವ್ಯ ಎಂಬ ತರ್ಕ ಈಜುಕೊಳಕ್ಕೆ ಹೇಗೋ ಬಚ್ಚಲಿಗೂ ಹಾಗೆಯೇ. ಹೋಂಸ್ಟೇಯ ಗ್ಯಾಸ್ ಗೀಸರ್‌ಗೆ ಮನೆಬಳಕೆಯ 14.2 ಕೆಜಿ ಸಿಲಿಂಡರ್ ಜೋಡಿಸಿದ್ದರೆ ಅದು ಬೇರೆಯೇ ಅಪರಾಧ, ವ್ಯಾಪಾರಕ್ಕೆ ಇರುವುದು 19 ಕೆಜಿಯದು. ಮನೆಬಳಕೆಯ ಸಂಪರ್ಕದ ಜೊತೆ ಬರುವ ಅಪಘಾತ ವಿಮೆಯನ್ನೂ ಅಲ್ಲಿ ನೆಚ್ಚಿಕೊಳ್ಳುವಂತಿಲ್ಲ.

ಸಾವು ಸಂಭವಿಸಿದರೆ ಕ್ರಿಮಿನಲ್ ಹೊಣೆಯೂ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಸೆಕ್ಷನ್ ಅಡಿ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಐದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಹಳೆಯ ಐಪಿಸಿಯ 304ಎ ಅಡಿ ಇದು ಎರಡೇ ವರ್ಷವಿತ್ತು. ಪರವಾನಗಿ ಇಲ್ಲದೆ ವೈರಿಂಗ್ ಮಾಡಿದವರು, ದೂರು ಬಂದರೂ ಕದಲದ ಮಾಲೀಕರು ಇಬ್ಬರೂ ಇದರ ವ್ಯಾಪ್ತಿಗೆ ಬರಬಹುದು. ಆದರೆ ಕ್ರಿಮಿನಲ್ ಪ್ರಕರಣದಲ್ಲಿ ಸಣ್ಣಪುಟ್ಟ ತಪ್ಪು ಸಾಲದು, ಎದ್ದುಕಾಣುವ ನಿರ್ಲಕ್ಷ್ಯ ಸಾಬೀತಾಗಬೇಕು. ಅದಕ್ಕೇ ದಾಖಲೆ ಇಲ್ಲದ ಸಾವುಗಳು ಯುಡಿಆರ್, ಅಂದರೆ ಅಸಹಜ ಸಾವು ಎಂಬ ಕಡತದಲ್ಲೇ ಮುಗಿದುಹೋಗುವುದುಂಟು.

ಅವಘಡ ಆದ ಮನೆಯಲ್ಲಿ

ದುಃಖದ ಹೊತ್ತಿನಲ್ಲಿ ನೆಂಟರು ಮೊದಲು ಮಾಡುವ ಕೆಲಸ ಬಚ್ಚಲು ತೊಳೆಯುವುದು, ಗೀಸರ್ ಕಿತ್ತು ಹೊರಗೆ ಎಸೆಯುವುದು. ಮಹಜರು ಆಗುವವರೆಗೆ ಅದನ್ನು ಯಾರೂ ಮುಟ್ಟಬಾರದು. ಕರೆಂಟ್ ಬಂದ್ ಮಾಡಿ, ಸಾಕೆಟ್, ವೈರ್, ವಾಲ್ವ್, ವೆಂಟಿಲೇಟರ್ ಎಲ್ಲದರ ಫೋಟೋ ತೆಗೆದಿಡಬೇಕು. ವಿದ್ಯುತ್ತಿನಿಂದ ಸಾವಾದರೆ ವಿದ್ಯುತ್ ಕಾಯ್ದೆ, 2003ರ 161ನೇ ಸೆಕ್ಷನ್ ಅಡಿ ವಿದ್ಯುತ್ ಪರಿವೀಕ್ಷಕರಿಗೆ ಮಾಹಿತಿ ಹೋಗಬೇಕು, ಅವರು ಬಂದು ತನಿಖೆ ಮಾಡಿ ಕೊಡುವ ವರದಿ ಮುಂದಿನ ಎಲ್ಲ ಪ್ರಕರಣಗಳಿಗೂ ಬುನಾದಿ. ಜೆಸ್ಕಾಂನ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗ್ಯಾಸ್ ಸೋರಿಕೆಗೆ 1906. ಮರಣೋತ್ತರ ಪರೀಕ್ಷೆಯ ವೈದ್ಯರಿಗೆ ಕಾರ್ಬನ್ ಮೊನಾಕ್ಸೈಡ್‌ಗಾಗಿ ರಕ್ತ ಪರೀಕ್ಷಿಸಿ ಎಂದು ಕೇಳಿಕೊಳ್ಳಬೇಕು. ಕಂಪನಿಯವರು 'ಪರೀಕ್ಷೆಗೆ ಒಯ್ಯುತ್ತೇವೆ' ಎಂದು ಬಂದರೆ ಪೊಲೀಸರ ಇಲ್ಲವೇ ಗ್ರಾಹಕ ಆಯೋಗದ ಆದೇಶವಿಲ್ಲದೆ ಗೀಸರ್ ಕೊಡಬಾರದು.

ಗ್ರಾಹಕ ದೂರಿಗೆ ವಕೀಲರು ಕಡ್ಡಾಯವಲ್ಲ, ವಸ್ತುವಿಗೋ ಸೇವೆಗೋ ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಗೀಸರ್‌ನ ಬೆಲೆ ಏಳೆಂಟು ಸಾವಿರವಾದರೂ ಕೇಳುವ ಪರಿಹಾರ ಅದಕ್ಕೆ ಎಷ್ಟೋ ಪಟ್ಟು ಹೆಚ್ಚಿರಬಹುದು. ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು, ಆನ್‌ಲೈನ್‌ನಲ್ಲಿ ದೂರದ ಊರಿನ ಮಾರಾಟಗಾರರಿಂದ ತರಿಸಿದ್ದರೂ ಸರಿ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೂ ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದ ಕಾರಣ ಅಲ್ಲಿಯವರು ಬಳ್ಳಾರಿಯ ಜಿಲ್ಲಾ ಆಯೋಗಕ್ಕೆ ಹೋಗಬೇಕು. ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇಲ್ಲೆಲ್ಲ ಕೇಳುವ ಕಾಗದಗಳು ಗೀಸರ್ ಕೊಂಡ ದಿನದವೇ: ಜಿಎಸ್‌ಟಿ ಬಿಲ್, ಸೀರಿಯಲ್ ನಂಬರ್ ಬರೆದ ವಾರಂಟಿ ಕಾರ್ಡ್, ಕೂರಿಸಿದವರ ಹೆಸರು, ಸಹಿ, ದಿನಾಂಕ ಇರುವ ಚೀಟಿ. ಓಣಿಯ ಪ್ಲಂಬರ್ ಆದರೂ ಒಂದು ಹಾಳೆಯಲ್ಲಿ ಏನೇನು ಮಾಡಿದೆ ಎಂದು ಬರೆಸಿ, ಹಣವನ್ನು ಫೋನ್‌ಪೇನಲ್ಲಿ ಕೊಟ್ಟರೆ ಅದೂ ದಾಖಲೆಯೇ. ಬರೆದುಕೊಡಲು ಒಪ್ಪದವನಿಂದ ಕೆಲಸ ಮಾಡಿಸದಿರುವುದು ಲೇಸು. ದೂರು ಕೊಡಲು ಇರುವ ಅವಧಿ ಘಟನೆ ನಡೆದ ದಿನದಿಂದ ಎರಡು ವರ್ಷ. ಪೊಲೀಸ್ ತನಿಖೆಯ ಕೊನೆಯ ವರದಿ ಬರಲಿ ಎಂದು ಕಾಯುತ್ತ ಕೂತರೆ ಅದು ಕಳೆದುಹೋಗುತ್ತದೆ. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು, ಮನ್ನಿಸಲೇಬೇಕೆಂದೇನಿಲ್ಲ.